ಸೋಯಾ ಕಾಳಿನಲ್ಲಿ ಒಡೆಯಬಾರದ್ದು

ಒಣ ಸೋಯಾಬೀನಿನ ತೂಕದಲ್ಲಿ ಸುಮಾರು ಶೇ. 40ರಷ್ಟು ಪ್ರೋಟೀನ್, ಶೇ. 20ರಷ್ಟು ಎಣ್ಣೆ, ಶೇ. 35ರಷ್ಟು ಸಕ್ಕರೆ ಹಾಗೂ ನಾರು, ಉಳಿದ ಶೇ. 5ರಷ್ಟು ಖನಿಜಾಂಶ ಇರುತ್ತವೆ. ಈ ಲೆಕ್ಕವನ್ನು ಮೊದಲ ಬಾರಿ ಓದಿದಾಗ, ಇವೆಲ್ಲ ಕಾಳಿನೊಳಗೆ ಬೇರೆ ಬೇರೆ ಡಬ್ಬಿಗಳಲ್ಲಿ ತುಂಬಿಟ್ಟ ಸಾಮಾನಿನಂತಿರಬೇಕು, ಮುಚ್ಚಳ ತೆಗೆದರೆ ಸಾಕು ಎಂದು ನಾನು ಭಾವಿಸಿದ್ದೆ. ತೆಳುವಾಗಿ ಕೊಯ್ದ ಬೇಳೆಯ ಚೂರನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡಿದ ದಿನ ಆ ಭಾವನೆ ಕರಗಿತು. ಬೇಳೆಯ ಒಂದೊಂದು ಜೀವಕೋಶದೊಳಗೂ 5ರಿಂದ 20 ಮೈಕ್ರೋಮೀಟರ್ ಅಗಲದ ಪ್ರೋಟೀನ್ ಉಂಡೆಗಳು ಒತ್ತೊತ್ತಾಗಿ ಕೂತಿರುತ್ತವೆ. ಅವುಗಳ ನಡುವಿನ ಸಂದುಗೊಂದುಗಳಲ್ಲೆಲ್ಲ ಎಣ್ಣೆಯ ಹನಿಗಳು ತುಂಬಿಕೊಂಡಿರುತ್ತವೆಯಾದರೂ, 0.2ರಿಂದ 0.5 ಮೈಕ್ರೋಮೀಟರಿನಷ್ಟೇ ಗಾತ್ರದ ಆ ಹನಿಗಳು ಸಾಧಾರಣ ಸೂಕ್ಷ್ಮದರ್ಶಕದಲ್ಲಿ ಬಿಡಿಬಿಡಿಯಾಗಿ ಕಾಣುವುದೇ ಕಷ್ಟ. ಪ್ರತಿ ಹನಿಯ ಮೇಲೂ ಕೊಬ್ಬಿನ ಜಾತಿಯ ಫಾಸ್ಫೋಲಿಪಿಡ್‌ನ ಒಂದು ಪದರ, ಅದರಲ್ಲಿ ನಾಟಿಕೊಂಡ ಓಲಿಯೋಸಿನ್ ಎಂಬ ಪ್ರೋಟೀನ್. ಇಷ್ಟನ್ನೂ ಸುತ್ತುವರಿದು ನಾರಿನ ಬಗೆಗಳಾದ ಸೆಲ್ಯುಲೋಸ್, ಹೆಮಿಸೆಲ್ಯುಲೋಸ್ ಮತ್ತು ಪೆಕ್ಟಿನ್‌ಗಳ ಕೋಶಭಿತ್ತಿ ಇರುತ್ತದೆ. ಪಕ್ಕಪಕ್ಕದ ಕೋಶಗಳನ್ನು ಅಂಟಿನಂತೆ ಹಿಡಿದಿಟ್ಟಿರುವುದೂ ಪೆಕ್ಟಿನ್ನೇ.

ಈ ಕಟ್ಟೋಣವನ್ನು ಬಿಡಿಸುವ ರೂಢಿಯ ದಾರಿ ಹೆಕ್ಸೇನ್ ಎಂಬ ದ್ರಾವಕದ್ದು. ಕಾಳನ್ನು ಒಡೆದು, ಸಿಪ್ಪೆ ತೆಗೆದು, ಅವಲಕ್ಕಿಯಷ್ಟು ತೆಳ್ಳಗೆ ಒತ್ತಿ, ಅದರ ಮೇಲೆ ಬಿಸಿ ಹೆಕ್ಸೇನನ್ನು ಹಾಯಿಸಿದರೆ ಹಿಂಡಿಯಲ್ಲಿ ಶೇ. 1ಕ್ಕಿಂತ ಕಡಿಮೆ ಎಣ್ಣೆ ಉಳಿಯುತ್ತದೆ. ಒತ್ತಿ ಹಿಂಡುವ ಗಾಣ ಈ ಮಟ್ಟವನ್ನು ಮುಟ್ಟಲಾರದು. ಹೆಕ್ಸೇನ್ 69 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿಯುವುದರಿಂದ ಅದನ್ನು ಆವಿಯಾಗಿಸಿ ಮತ್ತೆ ಹಿಡಿದು ಬಳಸುವುದೂ ಸುಲಭ. ಆದರೆ ಅದರ ಆವಿ ಗಾಳಿಗಿಂತ ಭಾರವಾಗಿದ್ದು ನೆಲದ ಮೇಲೆ ಹರಡಿ ನಿಲ್ಲುತ್ತದೆ, ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ, ಬಹುಕಾಲ ಉಸಿರಾಡಿದವರ ಕೈಕಾಲುಗಳ ನರಗಳನ್ನು ಕೆಡಿಸುತ್ತದೆ. ಹಿಂಡಿಯಲ್ಲಿ ಉಳಿದ ದ್ರಾವಕವನ್ನು ಓಡಿಸಲು ಹಾಯಿಸುವ ಹಬೆಯು ಪ್ರೋಟೀನನ್ನೂ ಬೇಯಿಸಿ, ನೀರಿನಲ್ಲಿ ಕರಗುವ ಅದರ ಗುಣವನ್ನು ಬಹಳಷ್ಟು ಕುಂದಿಸುತ್ತದೆ. ಹಿಂಡಿ ಪಶು ಆಹಾರಕ್ಕೆ ಹೋಗುವುದಾದರೆ ಈ ಬೇಯುವಿಕೆ ಒಳ್ಳೆಯದೇ, ಏಕೆಂದರೆ ಹಸಿ ಸೋಯಾದಲ್ಲಿರುವ ಜೀರ್ಣಕಿಣ್ವವಾದ ಟ್ರಿಪ್ಸಿನನ್ನು ತಡೆಗಟ್ಟುವ ಪ್ರೋಟೀನ್‌ಗಳು ಜೀರ್ಣಕ್ರಿಯೆಗೆ ಅಡ್ಡ ಬರುತ್ತವೆ ಮತ್ತು ಬಿಸಿಗೆ ನಾಶವಾಗುತ್ತವೆ. ಮನುಷ್ಯರ ಆಹಾರಕ್ಕೆ ಕರಗುವ ಪ್ರೋಟೀನ್ ಬೇಕೆಂದಾಗ ಮಾತ್ರ ಅದು ತೊಡಕಾಗುತ್ತದೆ.

ಹೆಕ್ಸೇನಿನ ಜಾಗದಲ್ಲಿ ನೀರನ್ನಿಟ್ಟು, ನೀರಿಗೆ ಆಗದ ಕೆಲಸವನ್ನು ಕಿಣ್ವಗಳಿಂದ ಮಾಡಿಸುವ ಆಲೋಚನೆ ಹುಟ್ಟಿದ್ದು ಈ ಹಿನ್ನೆಲೆಯಲ್ಲಿ. ಇದರಲ್ಲಿ ಎರಡು ಪಂಥಗಳಿವೆ ಎನ್ನಬಹುದು. ಒಂದು ಪಂಥ ಪ್ರೋಟೀನನ್ನೇ ಕತ್ತರಿಸುವ ಪ್ರೋಟಿಯೇಸ್‌ಗಳನ್ನು ನೆಚ್ಚುತ್ತದೆ, ಇನ್ನೊಂದು ಕೋಶದ ಗೋಡೆಯನ್ನು ಕರಗಿಸುವ ಪೆಕ್ಟಿನೇಸ್, ಸೆಲ್ಯುಲೇಸ್, ಝೈಲನೇಸ್‌ಗಳನ್ನು. ನಾನು ಮೊದಲು ಕೈಹಾಕಿದ್ದು ಪ್ರೋಟಿಯೇಸಿಗೆ. ಫಲ ಬೇಗ ಕಣ್ಣಿಗೆ ಬೀಳುತ್ತದೆಂಬ ಆಸೆಯೂ ಅದರಲ್ಲಿತ್ತು.

ಆ ವಿಧಾನ ಸ್ಥೂಲವಾಗಿ ಹೀಗಿದೆ. ಎಣ್ಣೆ ತೆಗೆಯದ ಸೋಯಾವನ್ನು ಎಕ್ಸ್‌ಟ್ರೂಡರ್ ಯಂತ್ರದಲ್ಲಿ ಬಿಸಿ ಮತ್ತು ಒತ್ತಡದಡಿ ತಳ್ಳಿ ಕೋಶಭಿತ್ತಿಗಳನ್ನು ಹರಿದುಹಾಕಬೇಕು. ಅದನ್ನು ಹತ್ತು ಪಟ್ಟು ನೀರಿನಲ್ಲಿ ಕಲಸಿ, ಆಮ್ಲ-ಕ್ಷಾರಗಳ ಅಳತೆಯಾದ ಪಿಎಚ್ ಅನ್ನು ಕ್ಷಾರದ ಕಡೆಗೆ, 9ಕ್ಕೆ ಏರಿಸಿ, 50 ಡಿಗ್ರಿಯಲ್ಲಿ ಪ್ರೋಟಿಯೇಸ್ ಬೆರೆಸಿ ಒಂದು ಗಂಟೆ ಕಲಕುತ್ತಿರಬೇಕು. ಬಳಿಕ ರಭಸದಿಂದ ತಿರುಗಿಸಿ ಬೇರ್ಪಡಿಸುವ ಸೆಂಟ್ರಿಫ್ಯೂಜಿಗೆ ಹಾಕಿದರೆ ತಳದಲ್ಲಿ ನಾರು, ಅದರ ಮೇಲೆ ಪ್ರೋಟೀನ್ ಮತ್ತು ಸಕ್ಕರೆ ಕರಗಿದ ತಿಳಿನೀರು, ಅದರ ಮೇಲೆ ದಪ್ಪ ಕೆನೆ, ಎಲ್ಲಕ್ಕೂ ಮೇಲೆ ಒಂದಿಷ್ಟು ಶುದ್ಧ ಎಣ್ಣೆ ನಿಲ್ಲುತ್ತದೆ. ಅಮೆರಿಕದ ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಈ ದಾರಿಯನ್ನು ವರ್ಷಗಟ್ಟಲೆ ತಿದ್ದಿ ತೀಡಿ, ಕಾಳಿನ ಎಣ್ಣೆಯಲ್ಲಿ ಶೇ. 95ರ ಆಸುಪಾಸಿನಷ್ಟನ್ನು ನಾರಿನಿಂದ ಬಿಡಿಸಬಹುದೆಂದು ತೋರಿಸಿದ್ದಾರೆ.

ಆ ಅಂಕಿಯನ್ನು ಓದುವಾಗ ಮಾತ್ರ ಎಚ್ಚರ ಬೇಕು. ನಾರಿನಿಂದ ಬಿಟ್ಟುಕೊಂಡ ಎಣ್ಣೆಯೇ ಬೇರೆ, ಕೈಗೆ ಸಿಕ್ಕ ಎಣ್ಣೆಯೇ ಬೇರೆ. ಬಿಟ್ಟುಕೊಂಡ ಎಣ್ಣೆಯ ದೊಡ್ಡ ಪಾಲು ಆ ಕೆನೆಯಲ್ಲಿ ಸಿಕ್ಕಿಬಿದ್ದಿರುತ್ತದೆ. ಪ್ರೋಟೀನ್ ಮತ್ತು ಫಾಸ್ಫೋಲಿಪಿಡ್‌ಗಳು ಹನಿಗಳನ್ನು ಸುತ್ತಿಕೊಂಡು ಒಂದಕ್ಕೊಂದು ಕೂಡದಂತೆ ತಡೆದಿರುತ್ತವೆ. ನನ್ನ ಮೊದಲ ಕೆನೆಯನ್ನು ಒಂದು ವಾರ ತಣ್ಣಗಿಟ್ಟು, ಬಿಸಿ ಮಾಡಿ, ಮತ್ತೆ ತಿರುಗಿಸಿ ನೋಡಿದೆ. ಅದು ಒಡೆಯಲಿಲ್ಲ. ಕೊನೆಗೆ ಒಡೆದದ್ದು ಇನ್ನೊಂದು ಸುತ್ತು ಪ್ರೋಟಿಯೇಸ್ ಹಾಕಿದಾಗ. ಹನಿಗಳ ಮೇಲಿನ ಪ್ರೋಟೀನ್ ಹೊದಿಕೆ ಚೂರಾದೊಡನೆ ಎಣ್ಣೆ ಒಟ್ಟುಗೂಡಿ ಮೇಲಕ್ಕೆ ಬಂತು. ಪಿಎಚ್ ಅನ್ನು 4.5ಕ್ಕೆ ಇಳಿಸಿದರೂ ಇಂಥ ಕೆನೆ ಸಡಿಲಗೊಳ್ಳುತ್ತದೆ. ಕೆನೆ ಒಡೆಯಲು ಬಳಸಿದ ಕಿಣ್ವ ಆ ನೀರಿನಲ್ಲಿ ಇನ್ನೂ ಚುರುಕಾಗಿಯೇ ಇರುವುದರಿಂದ, ಅದನ್ನು ಮುಂದಿನ ಸರದಿಯ ಸೋಯಾಕ್ಕೆ ಸುರಿದು ಎರಡನೆಯ ಬಾರಿ ದುಡಿಸಬಹುದು ಎಂಬುದು ಈ ವಿಧಾನದ ಜಾಣ ಅಂಶಗಳಲ್ಲೊಂದು.

ಎಣ್ಣೆಯ ಸಂಭ್ರಮ ಮುಗಿದ ಮೇಲೆ ತಿಳಿನೀರಿನ ಕಡೆ ನೋಡಿದೆ. ಪ್ರೋಟೀನಿನ ಮೊತ್ತದಲ್ಲಿ ಕೊರತೆಯಿರಲಿಲ್ಲ, ಆದರೆ ಅದು ಈಗ ಪ್ರೋಟೀನಾಗಿ ಉಳಿದಿರಲಿಲ್ಲ. ಸೋಯಾದ ಮುಖ್ಯ ಪ್ರೋಟೀನ್‌ಗಳಾದ ಗ್ಲೈಸಿನಿನ್ ಮತ್ತು ಬೀಟಾ-ಕಾನ್‌ಗ್ಲೈಸಿನಿನ್ ಹಲವು ತುಂಡುಗಳು ಕೂಡಿಕೊಂಡ ದೊಡ್ಡ ಅಣುಗಳು. ಬಿಸಿಗೆ ಗಟ್ಟಿಯಾಗಿ ಹೆಪ್ಪುಗಟ್ಟುವ ಅವುಗಳ ಶಕ್ತಿ ನಿಂತಿರುವುದು ಆ ರಚನೆಯ ಮೇಲೆ. ಪ್ರೋಟಿಯೇಸ್ ಅವನ್ನು ಸಣ್ಣ ಪೆಪ್ಟೈಡ್‌ಗಳಾಗಿ ಕತ್ತರಿಸಿತ್ತು. ಅಣುವಿನ ಒಡಲಲ್ಲಿ ಅಡಗಿದ್ದ, ನೀರನ್ನು ಒಲ್ಲದ ಅಮೈನೋ ಆಮ್ಲಗಳು ಹೊರಬಿದ್ದಾಗ ನಾಲಿಗೆಗೆ ಕಹಿ ತಾಗುತ್ತದೆ. ನನ್ನ ತಿಳಿನೀರು ಬೇವಿನಷ್ಟಲ್ಲದಿದ್ದರೂ ಸಾಕಷ್ಟು ಕಹಿಯಾಗಿತ್ತು. ಇದು ಪೂರ್ತಿ ನಷ್ಟವೆಂದು ಹೇಳಲಾರೆ. ಹುಳಿ ಪಾನೀಯಗಳಲ್ಲಿ ಸೋಯಾ ಪ್ರೋಟೀನ್ ತಳಕ್ಕಿಳಿಯುವಾಗ ಪೆಪ್ಟೈಡ್‌ಗಳು ಕರಗಿಯೇ ಇರುತ್ತವೆ, ಅವುಗಳಿಗೆ ಅಲ್ಲಿ ಬೇಡಿಕೆಯಿದೆ. ಆದರೆ ಶೇ. 20ರ ಎಣ್ಣೆಯನ್ನು ಬಿಡಿಸಲು ಶೇ. 40ರ ಪ್ರೋಟೀನನ್ನು ಚೂರು ಮಾಡುವುದು, ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಬಿಟ್ಟಂತೆ ನನಗೆ ಕಂಡಿತು.

ಹಾಗಾಗಿ ಎರಡನೆಯ ಪಂಥಕ್ಕೆ ಬಂದೆ, ಇಂದಿಗೂ ನನ್ನ ಒಲವು ಅದರ ಕಡೆಗೇ ಇದೆ. ಇಲ್ಲಿ ಗುರಿ ಗೋಡೆ ಮಾತ್ರ. ಪೆಕ್ಟಿನೇಸ್ ಕೋಶಗಳ ನಡುವಿನ ಅಂಟನ್ನು ಕರಗಿಸಿ ಅವನ್ನು ಬಿಡಿಬಿಡಿಯಾಗಿಸುತ್ತದೆ, ಸೆಲ್ಯುಲೇಸ್ ಮತ್ತು ಝೈಲನೇಸ್‌ಗಳು ಗೋಡೆಯ ನೂಲುಗಳನ್ನು ಕಡಿಯುತ್ತವೆ, ಆಲ್ಫಾ-ಗ್ಯಾಲಕ್ಟೋಸಿಡೇಸ್ ಎಂಬ ಇನ್ನೊಂದು ಕಿಣ್ವ ಕರಗುವ ಸಕ್ಕರೆಗಳ ಮೇಲೆ ಕೆಲಸ ಮಾಡುತ್ತದೆ. ಸೋಯಾದಲ್ಲಿ ಸುಕ್ರೋಸ್ ಶೇ. 5ರಷ್ಟಿದ್ದರೆ ಸ್ಟ್ಯಾಕಿಯೋಸ್ ಶೇ. 4ರಷ್ಟು, ರಾಫಿನೋಸ್ ಶೇ. 1ರಷ್ಟು ಇರುತ್ತವೆ. ಕೊನೆಯ ಎರಡನ್ನು ಜೀರ್ಣಿಸುವ ಕಿಣ್ವ ನಮ್ಮ ಕರುಳಿನಲ್ಲಿಲ್ಲ. ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಅವನ್ನು ಹುದುಗಿಸುವುದರಿಂದಲೇ ಕಾಳು ತಿಂದವರಿಗೆ ಹೊಟ್ಟೆ ಉಬ್ಬರಿಸುತ್ತದೆ. ಆಲ್ಫಾ-ಗ್ಯಾಲಕ್ಟೋಸಿಡೇಸ್ ಒಂದು ಸ್ಟ್ಯಾಕಿಯೋಸ್ ಅಣುವನ್ನು ಎರಡು ಗ್ಯಾಲಕ್ಟೋಸ್ ಮತ್ತು ಒಂದು ಸುಕ್ರೋಸ್ ಆಗಿ ಬಿಡಿಸಿ ಆ ತೊಂದರೆಯ ಬೇರನ್ನೇ ಕತ್ತರಿಸುತ್ತದೆ.

ಈ ದಾರಿಯಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ಒಂದು ಕಾಕತಾಳೀಯ. ಆಸ್ಪರ್ಜಿಲಸ್ ನೈಗರ್, ಟ್ರೈಕೋಡರ್ಮಾ ರೀಸಿ ಮೊದಲಾದ ಶಿಲೀಂಧ್ರಗಳಿಂದ ಬರುವ ಈ ಕಿಣ್ವಗಳು ಪಿಎಚ್ 4.5ರಿಂದ 5ರ ನಡುವೆ ಚೆನ್ನಾಗಿ ದುಡಿಯುತ್ತವೆ. ಸೋಯಾ ಪ್ರೋಟೀನ್ ನೀರಿನಲ್ಲಿ ಅತಿ ಕಡಿಮೆ ಕರಗುವುದೂ ಪಿಎಚ್ 4.5ರ ಸುತ್ತಮುತ್ತಲೇ. ಎಂದರೆ ಗೋಡೆ ಕರಗಿ ಸಕ್ಕರೆಯಾಗಿ ನೀರಿಗೆ ಸೇರುತ್ತಿರುವಾಗ ಪ್ರೋಟೀನ್ ಇದ್ದಲ್ಲೇ ಘನವಾಗಿ ಕುಳಿತಿರುತ್ತದೆ; ಪ್ರೋಟೀನನ್ನು ಹೊರಗೆಳೆಯುವ ಬದಲು ಉಳಿದದ್ದನ್ನೆಲ್ಲ ತೊಳೆದು ಕಳಿಸಿದಂತಾಗುತ್ತದೆ. ಎಣ್ಣೆ ತೆಗೆದ ಸೋಯಾ ಹಿಟ್ಟಿನಲ್ಲಿ ಪ್ರೋಟೀನ್ ಶೇ. 50ರ ಆಸುಪಾಸಿನಲ್ಲಿರುತ್ತದೆ. ಕರಗುವ ಸಕ್ಕರೆಯನ್ನಷ್ಟೇ ತೊಳೆದರೆ ಅದು ಶೇ. 65ನ್ನು ದಾಟಿ ಕಾನ್ಸಂಟ್ರೇಟ್ ಎನಿಸಿಕೊಳ್ಳುತ್ತದೆ. ಕರಗದ ಗೋಡೆಯನ್ನೂ ಕಿಣ್ವದಿಂದ ಕರಗಿಸಿ ತೆಗೆದರೆ, ಕ್ಷಾರದಲ್ಲಿ ಕರಗಿಸಿ ಆಮ್ಲದಲ್ಲಿ ಮತ್ತೆ ಹಾಲಿನಂತೆ ಒಡೆಸುವ ಮಾಮೂಲಿ ಕ್ರಮವಿಲ್ಲದೆ ಅದಕ್ಕಿಂತ ಮೇಲೇರಬಹುದು. ಟ್ರೈಕೋಡರ್ಮಾ ರೀಸಿಯ ಹಿನ್ನೆಲೆಯೂ ಸ್ವಾರಸ್ಯದ್ದು: ಎರಡನೆಯ ಮಹಾಯುದ್ಧದ ಕಾಲದಲ್ಲಿ ಸಾಲೊಮನ್ ದ್ವೀಪಗಳಲ್ಲಿ ಅಮೆರಿಕದ ಸೈನಿಕರ ಹತ್ತಿಯ ಡೇರೆಗಳನ್ನು ತಿಂದುಹಾಕುತ್ತಿದ್ದ ಬೂಷ್ಟೇ ಇಂದಿನ ಸೆಲ್ಯುಲೇಸ್ ಉದ್ಯಮದ ಮೂಲಪುರುಷ.

ಇಲ್ಲಿಯೂ ನಾನು ಎಡವಿದ್ದೇನೆ. ಒಂದು ಪ್ರಯೋಗದಲ್ಲಿ ಗೋಡೆ ಸೊಗಸಾಗಿ ಕರಗಿತು, ಆದರೆ ನೀರಿನಲ್ಲಿ ಸಕ್ಕರೆಯ ಜೊತೆಗೆ ಪ್ರೋಟೀನಿನ ಗುರುತಾದ ಸಾರಜನಕ ನಿರೀಕ್ಷೆಗೆ ಮೀರಿ ಕಂಡಿತು. ಎರಡು ದಿನ ನನ್ನ ಅಳತೆಯನ್ನೇ ಅನುಮಾನಿಸಿದೆ. ಆಮೇಲೆ ಘನಭಾಗದ ಪ್ರೋಟೀನನ್ನು ಅಣುಗಳನ್ನು ಗಾತ್ರದಂತೆ ಬೇರ್ಪಡಿಸುವ ಜೆಲ್ ಮೇಲೆ ಓಡಿಸಿ ನೋಡಿದರೆ, ಬೀಟಾ-ಕಾನ್‌ಗ್ಲೈಸಿನಿನ್‌ನ ಪಟ್ಟಿಗಳು ಮಾಸಿ, ಕೆಳಗೆ ಸಣ್ಣ ತುಣುಕುಗಳ ಮಬ್ಬು ಮೂಡಿತ್ತು. ಪೆಕ್ಟಿನೇಸ್ ಎಂದು ಮಾರುವ ಪುಡಿಯೊಳಗೆ ಪೆಕ್ಟಿನೇಸ್ ಒಂದೇ ಇರುವುದಿಲ್ಲ. ಶಿಲೀಂಧ್ರ ತನ್ನ ಹೊಟ್ಟೆಪಾಡಿಗೆ ಸ್ರವಿಸುವ ಹತ್ತಾರು ಕಿಣ್ವಗಳ ಬೆರಕೆ ಅದು, ಆಮ್ಲದಲ್ಲಿ ಕೆಲಸ ಮಾಡುವ ಪ್ರೋಟಿಯೇಸ್ ಕೂಡ ಅದರಲ್ಲಿ ಸೇರಿರಬಹುದು. ಕಳ್ಳ ಮನೆಯೊಳಗೇ ಇದ್ದ. ಅಂದಿನಿಂದ ಯಾವುದೇ ಹೊಸ ಪುಡಿಯನ್ನು ಸೋಯಾಕ್ಕೆ ಮುಟ್ಟಿಸುವ ಮೊದಲು, ಹಾಲಿನ ಪ್ರೋಟೀನಾದ ಕೇಸೀನನ್ನು ಅದಕ್ಕೆ ಕೊಟ್ಟು ಎಷ್ಟು ಕತ್ತರಿಸುತ್ತದೆಂದು ಅಳೆಯುತ್ತೇನೆ.

ಉಳಿದ ಸಕ್ಕರೆನೀರಿನ ಮಾತು ಚಿಕ್ಕದು: ಅದರಲ್ಲಿರುವ ಗ್ಲೂಕೋಸ್ ಮತ್ತು ಫ್ರಕ್ಟೋಸನ್ನು ಯೀಸ್ಟ್ ಸಲೀಸಾಗಿ ಹುದುಗಿಸುತ್ತದೆ, ಪೆಕ್ಟಿನ್ ಮತ್ತು ಹೆಮಿಸೆಲ್ಯುಲೋಸಿನಿಂದ ಬರುವ ಅರಾಬಿನೋಸ್, ಝೈಲೋಸ್‌ಗಳನ್ನು ಸಾಮಾನ್ಯ ಯೀಸ್ಟ್ ಮುಟ್ಟುವುದಿಲ್ಲ.

ನೀರಿನ ಲೆಕ್ಕ ಮಾತ್ರ ಅಷ್ಟು ಬೇಗ ಮುಗಿಯುವುದಿಲ್ಲ, ಹೆಕ್ಸೇನಿನ ಎದುರು ಈ ವಿಧಾನಗಳು ಬಳಲುವುದೂ ಅಲ್ಲಿಯೇ. ನೂರು ಕಿಲೋ ಸೋಯಾಕ್ಕೆ ಹತ್ತು ಪಟ್ಟಿನಂತೆ ಸಾವಿರ ಲೀಟರ್ ನೀರು ಬೇಕು. ಒಂದು ಕಿಲೋ ನೀರನ್ನು ಆವಿಯಾಗಿಸಲು ಸುಮಾರು 2,260 ಕಿಲೋಜೌಲ್ ಬೇಕಾದರೆ, ಒಂದು ಕಿಲೋ ಹೆಕ್ಸೇನಿಗೆ ಸಾಕಾಗುವುದು ಸುಮಾರು 335. ಸಾವಿರ ಲೀಟರನ್ನೂ ಒಂದೇ ಸಲ ಕುದಿಸಿ ಒಣಗಿಸಿದರೆ ಆಗುವ ಖರ್ಚು 600 ಯುನಿಟ್ ವಿದ್ಯುತ್ತಿಗೂ ಮೀರಿದ್ದು. ಹಲವು ಹಂತದ ಬಾಷ್ಪೀಕರಣ, ಪೊರೆಯ ಮೂಲಕ ಸೋಸುವಿಕೆ, ಒಂದು ಹಂತದ ನೀರನ್ನು ಇನ್ನೊಂದಕ್ಕೆ ಎದುರಾಗಿ ಹರಿಸುವ ಕ್ರಮ ಇವೆಲ್ಲ ಆ ಮೊತ್ತವನ್ನು ಬಹಳ ಇಳಿಸುತ್ತವೆ, ಇಲ್ಲವಾಗಿಸುವುದಿಲ್ಲ. ಪ್ರೋಟೀನನ್ನು ಘನರೂಪದಲ್ಲೇ ಉಳಿಸುವ ಎರಡನೆಯ ದಾರಿಗೆ ಇಲ್ಲಿಯೂ ಒಂದು ಅನುಕೂಲವಿದೆ: ಘನವನ್ನು ಮೊದಲು ಹಿಂಡಬಹುದು, ಒಣಗಿಸಬೇಕಾದದ್ದು ಒದ್ದೆ ಮುದ್ದೆಯನ್ನಷ್ಟೇ. ನಾನೀಗ ಮೇಜಿನ ಮೇಲೆ ಮಾಡುತ್ತಿರುವ ಕೆಲಸವೂ ನೀರನ್ನು ಹತ್ತು ಪಟ್ಟಿನಿಂದ ನಾಲ್ಕು ಪಟ್ಟಿಗೆ ಇಳಿಸುವುದರ ಸುತ್ತಲೇ ಇದೆ. ನಾಲ್ಕು ಪಟ್ಟಿನಲ್ಲಿ ಸೋಯಾ ಮೊದಲ ಅರ್ಧ ಗಂಟೆ ಕೆಸರಿನಂತೆ ಕಲಕುವ ಕಡ್ಡಿಗೆ ಮೆತ್ತಿಕೊಂಡು ತಿರುಗಲು ಬಿಡುವುದಿಲ್ಲ. ಹಿಟ್ಟನ್ನು ಒಂದೇ ಸಲ ಸುರಿಯದೆ, ಮೊದಲ ಪಾಲು ಕರಗಿ ತೆಳುವಾದ ಮೇಲೆ ಎರಡನೆಯ ಪಾಲನ್ನು ಹಾಕಿದರೆ ಮಾತ್ರ ಕಡ್ಡಿ ನಿಲ್ಲದೆ ತಿರುಗುತ್ತದೆ.