ಅಜ್ಜಿ ಮನೆಗೆ ಹೊರಟ ದಿನ

ಜುಲೈ ತಿಂಗಳು, ಮಂಗಳೂರಿನ ಒಂದು ಕ್ಯಾನ್ಸರ್ ವಾರ್ಡು. ಬೆಳ್ತಂಗಡಿ ಕಡೆಯ ಅಜ್ಜಿ, ಬೀಡಿ ಕಟ್ಟಿ ಮಕ್ಕಳನ್ನು ಸಾಕಿದವರು. ಎಲೆಅಡಿಕೆಯ ಜೊತೆ ಹೊಗೆಸೊಪ್ಪು ಇಟ್ಟುಕೊಳ್ಳುತ್ತಿದ್ದ ಬಲಗೆನ್ನೆ ಒಡೆದು ಹುಣ್ಣಾಗಿದೆ, ಊಟವೆಲ್ಲ ಮೂಗಿನ ನಳಿಗೆಯಲ್ಲಿ. ಬೆಳಿಗ್ಗೆ ರೌಂಡ್ಸ್ ಬರುವ ಮೊದಲೇ ತೊದಲುತ್ತಾ ಹೇಳಿದ್ದು ಒಂದೇ ಮಾತು: "ಎಂಕ್ ಇಲ್ಲಡೆಗ್ ಪೋವೊಡು." ಮನೆಗೆ ಹೋಗಬೇಕು.

ಈ ಮಾತು ಬಂದರೆ ಎಷ್ಟೋ ಕಡೆ ಮೊದಲು ಹೊರಬರುವುದು ಒಂದು ಫಾರ್ಮ್, ವೈದ್ಯರ ಸಲಹೆ ಮೀರಿ ಕರೆದೊಯ್ಯುತ್ತಿದ್ದೇವೆ ಎನ್ನುವ ಒಕ್ಕಣೆಯದ್ದು. ಸಹಿ ಬಿದ್ದ ಮೇಲೆ ನೋವಿನ ಮದ್ದಾದ ಮಾರ್ಫಿನ್‌ಗೆ ಚೀಟಿ ಇಲ್ಲ, ಡ್ರೆಸ್ಸಿಂಗ್ ಹೇಳಿಕೊಡುವವರಿಲ್ಲ. ಗುಣಮಾಡುವ ಚಿಕಿತ್ಸೆ ಇನ್ನಿಲ್ಲ ಎಂದು ವೈದ್ಯರೇ ಹೇಳಿದ ಮೇಲೆ ಮನೆಗೆ ಹೋಗುವುದು ಯಾರ ಸಲಹೆ ಮೀರಿದಂತೆ? ವೆಂಟಿಲೇಟರ್ ತೆಗೆಯುವ ಪ್ರಶ್ನೆಯಾದರೆ ದಾರಿ ಬೇರೆ. ಅದಕ್ಕೆ ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿ 2023ರಲ್ಲಿ ಸರಳ ಮಾಡಿದ ಎರಡು ವೈದ್ಯಕೀಯ ಮಂಡಳಿಗಳ ಕ್ರಮ ಉಂಟು. ಕರ್ನಾಟಕ ಸರ್ಕಾರವೂ 2025ರ ಜನವರಿಯಲ್ಲಿ ಸುತ್ತೋಲೆ ಹೊರಡಿಸಿದೆ. ಅಜ್ಜಿಯದ್ದು ಅದಲ್ಲ. ಅವರಿಗೆ ಬರೆದದ್ದು ಮಾಮೂಲಿ ಡಿಸ್ಚಾರ್ಜ್.

ಅಳಿಯಕಟ್ಟಿನ, ಅಂದರೆ ಹೆಣ್ಣಿನ ಕಡೆಯಿಂದ ವಂಶ ನಡೆಯುವ ಮನೆ, ಹಾಗಾಗಿ ಅಜ್ಜಿಯ ತಮ್ಮ ಬಂದ ಮೇಲೆಯೇ ಮಾತು. ಅವರು ಬಾಗಿಲ ಹೊರಗೇ ನಿಲ್ಲಿಸಿ ಹೇಳಿದರು: "ಅಕ್ಕನಿಗೆ ಏನೂ ಹೇಳ್ಬೇಡಿ ಸಿಸ್ಟರ್, ಧೈರ್ಯ ಹೋಗ್ತದೆ."

"ನಾವಾಗಿ ಹೇಳುವುದಿಲ್ಲ. ಅವರೇ ಕೇಳಿದ್ರೆ ಸುಳ್ಳು ಹೇಳ್ಲಿಕ್ಕೂ ಆಗುವುದಿಲ್ಲ."

ಪರದೆ ಎಳೆದು, ಅಜ್ಜಿಗೆ ಎಷ್ಟು ಗೊತ್ತುಂಟು ಎಂದು ತುಳುವಿನಲ್ಲೇ ವಿಚಾರಿಸಿದ್ದಾಯ್ತು. ಅವರಿಗೆ ಎಲ್ಲವೂ ಗೊತ್ತಿತ್ತು. ಮನೆಯಲ್ಲಿ ಬೇನೆ ಬಂದರೆ ಯಾರು ನೋಡುವುದು, ಅವರಿಗಿದ್ದ ಚಿಂತೆ ಅದೊಂದೇ.

ಬೇನೆಗೆ 0ರಿಂದ 10ರ ಒಳಗೆ ಅಂಕ ಕೊಡಿ ಎಂದರೆ ಅಜ್ಜಿ ಸುಮ್ಮನೆ ನೋಡುತ್ತಾರೆ. ರೂಪಾಯಿಯಲ್ಲಿ ಎಷ್ಟಾಣೆ ಎಂದು ಕೇಳಿದಾಗ ಥಟ್ಟನೆ "ಹನ್ನೆರಡಾಣೆ" ಎಂದರು. ಮಾರ್ಫಿನ್ ಪ್ರಮಾಣ ಸರಿಪಡಿಸಿ, ಮಧ್ಯಾಹ್ನದ ಹೊತ್ತಿಗೆ ಅದು ನಾಲ್ಕಾಣೆಗೆ ಇಳಿದ ಮೇಲೆಯೇ ಆಂಬುಲೆನ್ಸ್‌ಗೆ ಹೇಳಿದ್ದು.

ಮಾರ್ಫಿನ್ ಕೊಟ್ಟರೆ ಬೇಗ ಹೋಗಿಬಿಡುತ್ತಾರೆ ಎನ್ನುವ ಹೆದರಿಕೆ ಮಗಳಿಗೂ ಇತ್ತು. ನೋವಿಗೆ ತಕ್ಕಷ್ಟೇ ಅಳೆದು ಕೊಟ್ಟರೆ ಹಾಗಾಗುವುದಿಲ್ಲ. ಮಾತ್ರೆಯ ಕೆಲಸ ನಾಲ್ಕು ಗಂಟೆ. ಹಾಗಾಗಿ ಬೆಳಿಗ್ಗೆ 6, 10, ಮಧ್ಯಾಹ್ನ 2, ಸಂಜೆ 6ಕ್ಕೆ ಒಂದೊಂದು, ರಾತ್ರಿ 10ಕ್ಕೆ ಎರಡು. ನೋವು ಬರಲಿ ಎಂದು ಕಾಯುವುದೇ ದೊಡ್ಡ ತಪ್ಪು. ಒಮ್ಮೆ ತಲೆಯೆತ್ತಿದ ನೋವನ್ನು ಇಳಿಸಲು ಹೆಚ್ಚು ಮದ್ದು ಬೇಕು. ನಳಿಗೆಗೆ ಹಾಕಲು ಈ ಸಾದಾ ಮಾತ್ರೆಯನ್ನು ಪುಡಿ ಮಾಡಬಹುದು. ದಿನಕ್ಕೆ ಎರಡೇ ಸಲ ಕೊಡುವ, ನಿಧಾನ ಕರಗುವ ಮಾತ್ರೆಯನ್ನು ಪುಡಿ ಮಾಡಲೇಬಾರದು, 12 ಗಂಟೆಯ ಮದ್ದು ಒಂದೇ ಸಲಕ್ಕೆ ಇಳಿದುಬಿಡುತ್ತದೆ. ಮಾರ್ಫಿನ್ ಶುರುವಾದ ದಿನವೇ ಮಲಬದ್ಧತೆಗೆ ಮಾತ್ರೆಯೂ ಶುರು. ಇದನ್ನು ಮರೆತರೆ ವಾರದೊಳಗೆ ಹೊಟ್ಟೆ ಉಬ್ಬಿ, ಮಾರ್ಫಿನ್ನೇ ಬೇಡ ಎನ್ನುವ ಸ್ಥಿತಿ ಬರುತ್ತದೆ.

ಹುಣ್ಣಿನ ವಾಸನೆಯ ಬಗ್ಗೆ ಯಾರೂ ಬಾಯಿಬಿಡುವುದಿಲ್ಲ, ಆದರೆ ಮೊಮ್ಮಕ್ಕಳು ಹತ್ತಿರ ಬಾರದಿರುವುದು ಅದರಿಂದಲೇ. ಅರ್ಧ ಲೀಟರ್ ನೀರಿಗೆ ಒಂದು ಟೀ ಚಮಚ ಉಪ್ಪು ಹಾಕಿ ಕುದಿಸಿ ಆರಿಸಿ, ಹುಣ್ಣಿನ ಮೇಲಿನ ಹಳೆಯ ಗಾಜ್ ಬಟ್ಟೆ ಅದರಲ್ಲಿ ಪೂರ್ತಿ ನೆನೆದು ತಾನಾಗಿ ಬಿಡುವ ತನಕ ಕಾಯಬೇಕು. ಎಳೆದರೆ ರಕ್ತ. ಮತ್ತೆ ವಾಸನೆ ತಗ್ಗಿಸಲು ಮೆಟ್ರೊನಿಡಜೋಲ್ ಮಾತ್ರೆಯ ನುಣ್ಣನೆ ಪುಡಿ ಉದುರಿಸಿ ಹೊಸ ಗಾಜ್. ಮಳೆಗಾಲದ ನೊಣಕ್ಕೆ ಹಗಲಲ್ಲೂ ಸೊಳ್ಳೆಪರದೆ. ಗಂಟಿನಲ್ಲಿ ಎರಡು ಕಡುಗೆಂಪು ಟವೆಲ್ ಹೋಯಿತು: ಒಂದು ದಿನ ಕೆನ್ನೆಯಿಂದ ಜೋರು ರಕ್ತ ಬಂದರೆ ಒತ್ತಿ ಹಿಡಿಯಲು. ಬಿಳಿ ಬಟ್ಟೆಯ ಮೇಲೆ ಅದನ್ನು ನೋಡಿದ ಮಕ್ಕಳು ಮತ್ತೆ ಮರೆಯುವುದಿಲ್ಲ.

ಗಂಜಿತಿಳಿಯನ್ನು ಮಗಳೇ ಹಾಕಿ ತೋರಿಸಬೇಕಿತ್ತು. ತೆಳು ಬಟ್ಟೆಯಲ್ಲಿ ಸೋಸದಿದ್ದರೆ ನಳಿಗೆ ಕಟ್ಟಿಕೊಳ್ಳುತ್ತದೆ. ತಲೆ ಎತ್ತರಿಸಿ, ಸಲಕ್ಕೆ 200 ಮಿಲಿ, ಸಿರಿಂಜಿನ ದಂಡ ಒತ್ತದೆ ತಾನಾಗಿ ಇಳಿಯಲು ಬಿಟ್ಟು, ಕೊನೆಗೆ 30 ಮಿಲಿ ನೀರು. ಅರ್ಧ ಗಂಟೆ ಮಲಗಿಸುವ ಹಾಗಿಲ್ಲ. ಮೊದಲ ಸಲ ಅವಸರದಲ್ಲಿ ಒತ್ತಿಬಿಟ್ಟಳು, ಅಜ್ಜಿ ಕೆಮ್ಮಿದರು. ಎರಡನೇ ಸಲ ಸರಿಯಾಯಿತು.

ಅಷ್ಟರಲ್ಲಿ ಅಜ್ಜಿಯ ತಮ್ಮ, ದೈವದ ಗಂಧ, ದೇವಸ್ಥಾನದ ತೀರ್ಥ ತಂದರು. ನುಂಗಲಾಗದವರ ಬಾಯಿಗೆ ತೀರ್ಥ ಬಿಟ್ಟರೆ ಅದು ಶ್ವಾಸಕೋಶಕ್ಕೆ ಇಳಿಯಬಹುದು. ಬೇಡ ಎನ್ನುವ ಅಗತ್ಯವೂ ಇಲ್ಲ, ಹತ್ತಿ ಅದ್ದಿ ತುಟಿಗೆ ಮುಟ್ಟಿಸಿದರೆ ಆಯಿತು. ಗಂಧ ಹಣೆಗೆ. ಊದುಬತ್ತಿ ಮಾತ್ರ ಇಲ್ಲ, ಪಕ್ಕದ ಮಂಚದಲ್ಲಿ ಆಕ್ಸಿಜನ್ ಹೋಗುತ್ತಿತ್ತು. ಆ ಮಂಚದ ಬ್ಯಾರಿ ಹಿರಿಯರನ್ನು ಕಿಬ್ಲಾಕ್ಕೆ, ಅಂದರೆ ಮೆಕ್ಕಾದ ದಿಕ್ಕಿಗೆ ತಿರುಗಿಸಲು ಮನೆಯವರು ಕೇಳಿದ್ದರು. ಇಲ್ಲಿಂದ ಅದು ಕಡಲ ದಿಕ್ಕು, ತುಸು ಉತ್ತರಕ್ಕೆ. ಗೋಡೆಯ ಆಕ್ಸಿಜನ್ ನಳಿಗೆ ಮಂಚ ಪೂರ್ತಿ ತಿರುಗಲು ಬಿಡದ ಕಾರಣ, ಅವರನ್ನೇ ಬಲಮಗ್ಗುಲಿಗೆ ಹೊರಳಿಸಿ ಬೆನ್ನಿಗೆ ದಿಂಬು ಕೊಟ್ಟದ್ದು.

ಅಜ್ಜಿಯ ಚೀಲದಲ್ಲಿ ಕೊನೆಗೆ ಸೇರಿದ್ದು ಊರಿನ ಡಾಕ್ಟರಿಗೊಂದು ಪತ್ರ. ಕಾಯಿಲೆ, ಮದ್ದು, ಇನ್ನು ಏನೇನು ಆಗಬಹುದು ಎಲ್ಲವೂ ಅದರಲ್ಲಿ. ಮನೆಯಲ್ಲಿ ತೀರಿಕೊಂಡರೆ ಸಾವಿನ ಕಾರಣಕ್ಕೆ ನೋಡಿದ ವೈದ್ಯರು ಕೊಡಬೇಕಾದದ್ದು ನಮೂನೆ 4ಎ, ನೋಂದಣಿಗೆ 21 ದಿನ. ಪತ್ರವಿಲ್ಲದಿದ್ದರೆ ಎಂದೂ ನೋಡದ ರೋಗಿಗೆ ಊರಿನ ಡಾಕ್ಟರ್ ಬರೆಯಲು ಹಿಂಜರಿಯುತ್ತಾರೆ.

ಎರಡು ಗಂಟೆಯ ಮಾತ್ರೆ ಕೊಟ್ಟು ಅರ್ಧ ಗಂಟೆ ಬಿಟ್ಟು ಆಂಬುಲೆನ್ಸ್ ಹೊರಟಿತು. ಊರಿನ ದಾರಿಯಲ್ಲಿ ಬಿ.ಸಿ. ರೋಡಿನಿಂದಾಚೆಯ ಗುಂಡಿಗಳು ಬರುವ ಮೊದಲೇ ಮದ್ದು ಹಿಡಿಯಲಿ ಎಂದೇ ಆ ಅರ್ಧ ಗಂಟೆ.

ರಾತ್ರಿ ಮಗಳ ಫೋನ್. "ಎರಡು ಮಾತ್ರೆ ಹಾಕಿದೆ ಸಿಸ್ಟರ್, ನಿದ್ದೆ ಬಂದಿದೆ. ಎರಡು ಗಂಟೆಗೆ ಎಬ್ಬಿಸ್ಬೇಕಾ?"

"ಬೇಡಮ್ಮ, ಅದಕ್ಕೇ ಎರಡು. ನೀವೂ ಮಲ್ಕೊಳ್ಳಿ."