ಮಡಿಕೆ ಬಿದ್ದ ಫೋಟೋ

ನಿನ್ನೆ ರಾತ್ರಿ ಡೊಂಬಿವಲಿಯ ಮನೆಯಲ್ಲಿ ಕುಳಿತು ಅಪ್ಪನ ಹಳೆಯ ಫೋಟೋ ಒಂದನ್ನು ಸ್ಕ್ಯಾನ್ ಮಾಡಿ ರಿಪೇರಿಗೆ ತೊಡಗಿದೆ. ಕುಂದಾಪುರದಿಂದ ಬಂದ ಹೊಸತರಲ್ಲಿ ಗೇಟ್‌ವೇ ಆಫ್ ಇಂಡಿಯಾದ ಮುಂದೆ ತೆಗೆಸಿಕೊಂಡದ್ದು. ಟ್ರಂಕಿನ ತಳದಲ್ಲಿ ಮಡಿಚಿಟ್ಟಿದ್ದರಿಂದ ಗೆರೆಯೊಂದು ಸರಿಯಾಗಿ ಮೂಗಿನ ಮೇಲೆಯೇ ಹಾದುಹೋಗಿತ್ತು.

ಇಂಥ ಕೆಲಸಕ್ಕೆ ಮೊದಲು ತಿಂಗಳ ಚಂದಾದ ತಂತ್ರಾಂಶವೊಂದನ್ನು ಇಟ್ಟುಕೊಂಡಿದ್ದೆ. ಮುಂಬೈಯಲ್ಲಿ ಮನೆಗೆ ಬಾಡಿಗೆ ಕಟ್ಟುವುದೇ ಸಾಕಾಗಿದೆ, ಇನ್ನು ಕುಂಚಕ್ಕೂ ಬಾಡಿಗೆಯೇ ಎಂದು ಬಿಟ್ಟೆ. ಈಗ ಗಿಂಪ್. 1996ರಿಂದ ಉಚಿತವಾಗಿ ಸಿಗುತ್ತಿರುವ ಮುಕ್ತ ತಂತ್ರಾಂಶ. ಅದರ ಕ್ಲೋನ್ ಉಪಕರಣ ಒಂದು ಜಾಗವನ್ನು ಇದ್ದ ಹಾಗೆಯೇ ಇನ್ನೊಂದೆಡೆಗೆ ನಕಲು ಮಾಡುತ್ತದೆ. ಹೀಲ್ ಹಾಗಲ್ಲ, ತಂದ ತೇಪೆಯನ್ನು ಸುತ್ತಲಿನ ಬಣ್ಣಕ್ಕೂ ಬೆಳಕಿಗೂ ಹೊಂದಿಸುತ್ತದೆ. ಮುಖಕ್ಕೆ ಹೀಲ್, ಅಂಗಿಯ ಪಟ್ಟೆಗೆ ಕ್ಲೋನ್. ಇಷ್ಟನ್ನು ಅರಿಯಲು ನನಗೆ ಎರಡು ಭಾನುವಾರ ಹಿಡಿದವು. ಹಳೆಯ ಕೈರೂಢಿ ಅಷ್ಟು ಸುಲಭಕ್ಕೆ ಬಿಡುವುದಿಲ್ಲ.

ಕ್ಯಾಮೆರಾದ ರಾ ಕಡತಗಳಿಗೆ, ಅಂದರೆ ಇನ್ನೂ ಸಂಸ್ಕರಿಸದ ಕಚ್ಚಾ ಚಿತ್ರಗಳಿಗೆ, ಡಾರ್ಕ್‌ಟೇಬಲ್ ಇದೆ, ಅದೂ ಉಚಿತ. ಯಾರಾದರೂ ಪಿಎಸ್‌ಡಿ, ಅಂದರೆ ಫೋಟೋಶಾಪ್‌ನ ಕಡತ ಕಳುಹಿಸಿದರೆ ಬ್ರೌಸರಿನಲ್ಲೇ ಫೋಟೋಪಿಯಾ ಎಂಬ ಜಾಲತಾಣದಲ್ಲಿ ತೆರೆಯುತ್ತೇನೆ.

ಬೆಳಿಗ್ಗೆ ಅಮ್ಮನಿಗೆ ತೋರಿಸಿದೆ. ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿದರು. “ಮೂಗಿನ ಪಕ್ಕ ಒಂದು ಕಲೆ ಇತ್ತಲ್ಲ, ಎಲ್ಲಿ?” ಎಂದರು. ಗೆರೆಯ ಜೊತೆ ಅಪ್ಪನ ಸಿಡುಬಿನ ಕಲೆಯನ್ನೂ ಒರೆಸಿಬಿಟ್ಟಿದ್ದೆ! ಪುಣ್ಯಕ್ಕೆ ಮೂಲ ಪ್ರತಿ ಹಾಗೆಯೇ ಇದೆ. ಇಂದು ರಾತ್ರಿ ಕಲೆಯನ್ನು ವಾಪಸ್ ತರಬೇಕು.