ಸಿರಾಕೂಸಾದ ಅಂತರಗಂಗೆ

ನೀರಿನ ಮುಂದೆ ಅಮ್ಮ ಹತ್ತು ನಿಮಿಷದಿಂದ ನಿಂತಿದ್ದಾಳೆ. ಸಿಸಿಲಿಯ ಸಿರಾಕೂಸಾ ಊರಿನ ಹಳೇ ಭಾಗ ಒರ್ಟೀಜಿಯಾ ಎಂಬ ಪುಟ್ಟ ದ್ವೀಪ. ಅದರ ಅಂಚಿನಲ್ಲಿ, ಸಮುದ್ರದ ಪಕ್ಕದಲ್ಲೇ ಈ ಕೊಳ. ನಡುವೆ ಪಪೈರಸ್ ಜೊಂಡು, ಒಂದಷ್ಟು ಬಾತುಕೋಳಿ. ಹೆಸರು ಅರೆತೂಸಾ.

ಕತೆ ಹೀಗಿದೆ. ಗ್ರೀಸಿನ ಆಲ್ಫಿಯಸ್ ನದಿಯ ದೇವರಿಂದ ತಪ್ಪಿಸಿಕೊಂಡು ಓಡಿದ ಅರೆತೂಸಾ ಎಂಬ ಅಪ್ಸರೆ ಇಲ್ಲಿ ಬಂದು ಚಿಲುಮೆಯಾದಳಂತೆ. ಅವನೂ ಬಿಡದೆ ಸಮುದ್ರದ ಕೆಳಗಿಂದ ಹರಿದು ಬಂದು ಅವಳನ್ನು ಸೇರಿಕೊಂಡನಂತೆ. ಆ ನದಿ ದಡದ ಪುಣ್ಯಕ್ಷೇತ್ರ ಒಲಿಂಪಿಯಾದಲ್ಲಿ ನೀರಿಗೆ ಎಸೆದ ಬಟ್ಟಲು ಇಲ್ಲಿ ತೇಲಿತು, ಅಲ್ಲಿ ಎತ್ತುಗಳನ್ನು ಬಲಿ ಕೊಟ್ಟರೆ ಇಲ್ಲಿ ನೀರಿನ ಬಣ್ಣ ಕೆಡುತ್ತಿತ್ತು ಎಂದೆಲ್ಲ ಜನ ಹೇಳುತ್ತಿದ್ದರು. ಭೂಗೋಳ ಬರೆದ ಸ್ಟ್ರಾಬೊ ಇದನ್ನು ನಂಬಲಿಲ್ಲ.

ಅಮ್ಮ ಕೋಲಾರದವಳು. "ನಮ್ಮ ಅಂತರಗಂಗೆ ಕಣೋ ಇದು" ಅಂದಳು. ಅಲ್ಲೂ ಕಲ್ಲಿನ ಬಸವನ ಬಾಯಿಂದ ಬೀಳೋ ನೀರು ಕಾಶಿಯಿಂದ ಬರುತ್ತದೆ ಅನ್ನುತ್ತಾರಲ್ವಾ! ನನಗೆ ಥಟ್ಟನೆ ಹೊಳೆಯಿತು. ಈ ಊರು ಕಟ್ಟಿದವರು ಗ್ರೀಸಿನ ಕೊರಿಂತ್ ಊರಿನವರು. ಆಲ್ಫಿಯಸ್ ಅವರೂರಿನ ನದಿಯೇ ಅಲ್ಲ. ಆದರೆ ಅದು ಹರಿಯುವ ಒಲಿಂಪಿಯಾ ಎಲ್ಲ ಗ್ರೀಕರಿಗೂ ಬೇಕಾದ ಜಾಗ. ಕೋಲಾರಕ್ಕೆ ಕಾಶಿ ಇದ್ದಂತೆ.

ಕ್ರಿ.ಪೂ. 733ರ ಸುಮಾರಿಗೆ ಆರ್ಕಿಯಾಸ್ ಎಂಬವನು ಜನರನ್ನು ಕಟ್ಟಿಕೊಂಡು ಇಲ್ಲಿಗೆ ಬಂದ. ದ್ವೀಪವೇನೂ ಖಾಲಿ ಇರಲಿಲ್ಲ. ಮೊದಲಿಂದ ಇದ್ದ ಸಿಕೆಲ್ ಜನರನ್ನು ಓಡಿಸಿಯೇ ನೆಲೆಸಿದ್ದು ಎಂದು ಗ್ರೀಕ್ ಇತಿಹಾಸಕಾರ ಥುಸಿಡಿಡೀಸ್ ಬರೆದಿದ್ದಾನೆ. ಅವರ ಚಿಲುಮೆಗೆ ಅವರು ಯಾವ ಕತೆ ಹೇಳುತ್ತಿದ್ದರೋ.

ಅಲ್ಲಿಂದ ಕತೀಡ್ರಲ್‌ಗೆ ನಡೆದೆವು. ಮುಂಭಾಗ 1693ರ ಭೂಕಂಪದ ನಂತರದ್ದು, ಭಾರೀ ಅಲಂಕಾರ. ಪಕ್ಕದ ಓಣಿಗೆ ಹೋದರೆ ಮಾತ್ರ ಗುಟ್ಟು ಗೊತ್ತಾಗುವುದು. ಗೋಡೆಯೊಳಗೆ ಡೋರಿಕ್ ಎಂಬ ಹಳೇ ಗ್ರೀಕ್ ಶೈಲಿಯ ದಪ್ಪ ದಪ್ಪ ಕಂಬಗಳು ಹೂತು ನಿಂತಿವೆ! ಇದು ಕ್ರಿ.ಪೂ. 5ನೇ ಶತಮಾನದ, ಗ್ರೀಕ್ ದೇವತೆ ಅಥೀನಾಳ ಗುಡಿ. ಕಂಬಗಳ ನಡುವೆ ಗೋಡೆ ಎಬ್ಬಿಸಿ ಚರ್ಚ್ ಮಾಡಿದ್ದಾರೆ. ನಡುವೆ ಅರಬ್ಬರ ಕಾಲದಲ್ಲಿ ಮಸೀದಿಯೂ ಆಗಿತ್ತು. ಒಳಗೆ ತಂಪು. ಅಮ್ಮ ಒಂದು ಕಂಬಕ್ಕೆ ಒರಗಿ ಕೂತೇ ಬಿಟ್ಟಳು.

ಮಧ್ಯಾಹ್ನ ಕಲ್ಲುಗಣಿಗಳಿಗೆ ಹೋಗಿದ್ದು ನನ್ನ ತಪ್ಪು. ಜುಲೈ ಬಿಸಿಲು, ಎತ್ತರದ ಬಿಳಿ ಬಂಡೆ, ಗಾಳಿಯೇ ಇಲ್ಲ. ಕ್ರಿ.ಪೂ. 413ರಲ್ಲಿ ಈ ಊರ ಮೇಲೆ ದಂಡೆತ್ತಿ ಬಂದು ಸೋತ ಅಥೆನ್ಸ್‌ನವರನ್ನೂ ಅವರ ಜತೆಗಾರರನ್ನೂ ಇಂಥ ಗಣಿಗಳಿಗೆ ತುಂಬಿದ್ದರು. 7000ಕ್ಕೆ ಕಡಿಮೆಯಿಲ್ಲದಷ್ಟು ಜನ. ಎರಡೂ ಕಡೆ ಗ್ರೀಕರೇ, ಮಾತೂ ಒಂದೇ. ಅಥೆನ್ಸ್‌ನ ನಾಟಕಕಾರ ಯೂರಿಪಿಡೀಸನ ಸಾಲುಗಳನ್ನು ಹೇಳಿಕೊಟ್ಟ ಕೆಲವು ಸೆರೆಯಾಳುಗಳು ಬಿಡುಗಡೆ ಪಡೆದರು ಎಂದು ಗ್ರೀಕ್ ಲೇಖಕ ಪ್ಲುಟಾರ್ಕ್ ಬರೆಯುತ್ತಾನೆ. ತಾಯ್ನಾಡಿನ ಹೊಸ ಪದ್ಯಕ್ಕೆ ಸಿರಾಕೂಸಾದವರಿಗೆ ಅಷ್ಟು ಹಸಿವು.

ಸಂಜೆ ಮತ್ತೆ ಕೊಳದ ಹತ್ತಿರವೇ ಕೂತೆವು. ಈಗ ಆ ನೀರು ಸ್ವಲ್ಪ ಉಪ್ಪಂತೆ ಅಂದೆ.

"ಅಷ್ಟು ದೂರ ಸಮುದ್ರದಲ್ಲೇ ಬಂದಿದೆ, ಇನ್ನೇನಾಗುತ್ತೆ?" ಅಂದ ಅಮ್ಮ, ಬಾಟಲಿ ತುಂಬಿಸಲು ಬೀದಿ ನಲ್ಲಿ ಹುಡುಕುತ್ತ ಎದ್ದಳು.